ಕವಡೆ, ಕಡ್ಡಿ, ಹುಣಿಸೆಬೀಜ: ಪ್ರಾಥಮಿಕ ಗಣಿತ ಬೋಧನೆಯಲ್ಲಿ ಆಟದ ಸ್ಥಾನ

ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ವಿಷಯಗಳಲ್ಲಿ ಮಗುವಿನ ಮನಸ್ಸಿನಲ್ಲಿ ಭೀತಿಯನ್ನು ಬಿತ್ತುವ ವಿಷಯ ಗಣಿತವೆಂಬುದು ಸರ್ವವಿದಿತ. ಇತಿಹಾಸದ ಒಂದು ಪಾಠ ತಪ್ಪಿಹೋದ ವಿದ್ಯಾರ್ಥಿ ಮುಂದಿನ ಪಾಠವನ್ನು ಗ್ರಹಿಸಬಲ್ಲನು. ಗಣಿತದಲ್ಲಿ ಆ ಅನುಕೂಲವಿಲ್ಲ. ಕೂಡುವುದನ್ನು ಅರಿಯದವನಿಗೆ ಗುಣಾಕಾರ ಹೊಳೆಯದು. ಗುಣಾಕಾರ ಬಾರದವನಿಗೆ ಭಾಗಾಕಾರ ಒಗಟಾಗಿಯೇ ಉಳಿಯುವುದು. ಎರಡನೆಯ ತರಗತಿಯಲ್ಲಿ ಸಡಿಲಗೊಂಡ ಮೆಟ್ಟಿಲು ಏಳನೆಯ ತರಗತಿಯಲ್ಲಿ ಬಾಲಕನನ್ನು ಕೆಡವುತ್ತದೆ. ಆಗ ಅವನಿಗೆ ಅಂಟುವ ‘ದಡ್ಡ’ ಎಂಬ ಹೆಸರು ಶಾಲೆ ಬಿಟ್ಟ ಮೇಲೂ ಅವನನ್ನು ಬಿಡುವುದಿಲ್ಲ.

ಒಂದು ಸಣ್ಣ ಲೆಕ್ಕವನ್ನು ನೋಡಬಹುದು. 34ರಲ್ಲಿ 18ನ್ನು ಕಳೆಯಬೇಕಾಗಿದೆ. ಅನೇಕ ಮಕ್ಕಳು ಇದಕ್ಕೆ 24 ಎಂದು ಉತ್ತರ ಬರೆಯುತ್ತಾರೆ. 4ರಲ್ಲಿ 8 ಹೋಗದು. ಆದುದರಿಂದ 8ರಲ್ಲಿ 4ನ್ನು ಕಳೆದು 4 ಎನ್ನುತ್ತಾರೆ, 3ರಲ್ಲಿ 1ನ್ನು ಕಳೆದು 2 ಎನ್ನುತ್ತಾರೆ. ಇದು ಅಲಕ್ಷ್ಯದ ತಪ್ಪೆಂದು ತಿಳಿಯಬಾರದು. ಮಗು ಹಲಗೆಯ ಮೇಲೆ ಅಂಕಿಗಳನ್ನು ಕಂಡಿದೆ, ಆ ಅಂಕಿಗಳ ಹಿಂದಿರುವ ವಸ್ತುಗಳನ್ನು ಕಂಡಿಲ್ಲ. ‘ಪಕ್ಕದ ಮನೆಯಿಂದ ಒಂದನ್ನು ಸಾಲ ತಾ’ ಎಂದು ಉಪಾಧ್ಯಾಯರು ಹೇಳಿದಾಗ, ತಂದ ಒಂದು ಹೇಗೆ ಹತ್ತಾಯಿತು ಎಂಬ ಪ್ರಶ್ನೆ ಅದರ ನಾಲಗೆಯ ತುದಿಯಲ್ಲಿಯೇ ನಿಂತುಬಿಡುತ್ತದೆ. ಕೇಳಲಾಗದ ಈ ಪ್ರಶ್ನೆಯೇ ಭೀತಿಯ ಬೀಜ.

ಹಿಂದಿನ ಪದ್ಧತಿ

ಹಿಂದಿನ ಕಾಲದ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ-ಅಂಕಿಗಳನ್ನು ತಿದ್ದುತ್ತಿದ್ದರು. ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿದ್ದರು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳೂ ಬಾಯಿಪಾಠವಾಗಿರುತ್ತಿದ್ದವು. ಅಂದಿನ ವ್ಯವಹಾರಕ್ಕೆ ಅದು ಅವಶ್ಯಕವಾಗಿತ್ತು. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆಯಿದ್ದ ಕಾಲವದು. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯೇಪೈಸೆಯೆಂಬ ದಶಮಾಂಶ ಪದ್ಧತಿ ಜಾರಿಗೆ ಬಂದಿತು. ಭಿನ್ನರಾಶಿಯ ಮಗ್ಗಿಗಳಿಗೆ ವ್ಯಾಪಾರದಲ್ಲಿದ್ದ ಆಸರೆ ಅಲ್ಲಿಂದ ಮುಂದೆ ಕುಗ್ಗಿತು.

ಬಾಯಿಪಾಠವನ್ನು ಹಳಿಯುವುದು ಉಚಿತವಲ್ಲ. ಮಗ್ಗಿ ಬಲ್ಲವನ ಮನಸ್ಸು ಮೇಲಿನ ವಿಚಾರಕ್ಕೆ ಬಿಡುವಾಗಿರುತ್ತದೆ. ಆದರೆ ಕೂಲಿಮಠದ ವಿದ್ಯಾರ್ಥಿ ಮಗ್ಗಿಯನ್ನು ಬಾಯಲ್ಲಿ ಕಲಿತು, ಅದರ ಅರ್ಥವನ್ನು ತಂದೆಯ ಅಂಗಡಿಯಲ್ಲಿಯೋ ಕಣದ ರಾಶಿಯ ಬಳಿಯೋ ಕೈಯಾರೆ ಕಂಡುಕೊಳ್ಳುತ್ತಿದ್ದನು. ಇಂದು ಅಂಗಡಿಯ ಲೆಕ್ಕವನ್ನು ಯಂತ್ರ ಮಾಡುತ್ತದೆ. ಹಣ ಕೈಗೆ ತಾಗದೆ ದೂರವಾಣಿಯ ಮೂಲಕವೇ ಸಂದಾಯವಾಗುವುದೂ ಉಂಟು. ಕೈಗೆ ಸಿಗುತ್ತಿದ್ದ ಆ ಅರ್ಧ ಶಿಕ್ಷಣ ಕಳಚಿಹೋಗಿದೆ. ಅದನ್ನು ತರಗತಿಯೊಳಗೆ ಮರಳಿ ತರುವ ಸಾಧನಗಳಲ್ಲಿ ಆಟವು ಮುಖ್ಯವಾದುದು.

ಯಾವುದು ಗಣಿತದ ಆಟ?

ಮಕ್ಕಳನ್ನು ನಗಿಸಿದ ಮಾತ್ರಕ್ಕೆ ಆಟವು ಪಾಠವಾಗದು. ಪಾಠ ಮುಗಿದ ಮೇಲೆ ಬಹುಮಾನದಂತೆ ನೀಡುವ ಆಟದಿಂದ ‘ಪಾಠವೆಂಬುದು ಕಹಿ, ಆಟವೆಂಬುದು ಸಿಹಿ’ ಎಂಬ ಭಾವನೆಯೇ ಬಲಿಯುತ್ತದೆ. ಲೆಕ್ಕ ಮಾಡದೆ ಮುಂದೆ ಸಾಗಲಾಗದ ಆಟವೇ ಗಣಿತದ ಆಟ. ಅಲ್ಲಿ ಎಣಿಕೆಯು ಉಪಾಧ್ಯಾಯರ ಅಪ್ಪಣೆಯಾಗಿರದೆ ಮಗುವಿನ ಸ್ವಂತ ಅಗತ್ಯವಾಗಿರುತ್ತದೆ. ಈ ಒರೆಗಲ್ಲಿಗೆ ಹಚ್ಚಿದಾಗ ಕನ್ನಡನಾಡಿನ ಜಗುಲಿ-ಅಂಗಳಗಳ ಹಳೆಯ ಆಟಗಳು ಚಿನ್ನವಾಗಿಯೇ ತೋರುತ್ತವೆ.

ಸರಿ-ಬೆಸ. ಇದು ಮೊದಲನೆಯ ತರಗತಿಗೆ ತಕ್ಕ ಆಟ. ಒಂದು ಮಗು ಮುಷ್ಟಿಯಲ್ಲಿ ಹುಣಿಸೆಬೀಜಗಳನ್ನು ಹಿಡಿದು ‘ಸರಿಯೋ, ಬೆಸವೋ?’ ಎಂದು ಕೇಳುತ್ತದೆ. ಎದುರಿನ ಮಗು ಊಹಿಸುತ್ತದೆ. ಬಳಿಕ ಮುಷ್ಟಿ ಬಿಚ್ಚಿ ಬೀಜಗಳನ್ನು ಜೋಡಿಜೋಡಿಯಾಗಿ ಇಡುತ್ತಾರೆ. ಒಂಟಿ ಉಳಿದರೆ ಬೆಸ. ಇಬ್ಬರ ಬಳಿಯೂ ಬೆಸವಿದ್ದು ಬೀಜಗಳನ್ನು ಒಟ್ಟುಗೂಡಿಸಿದಾಗ ಎರಡು ಒಂಟಿಗಳು ಜೋಡಿಯಾಗುವುದನ್ನು ಮಕ್ಕಳು ತಾವೇ ಕಾಣುತ್ತಾರೆ. ಬೆಸಕ್ಕೆ ಬೆಸ ಕೂಡಿದರೆ ಸರಿಯಾಗುವುದೆಂಬ ನಿಯಮವನ್ನು ಕಂಠಪಾಠ ಮಾಡಿಸಬೇಕಾಗಿಲ್ಲ. ಇದೇ ಆಟವನ್ನು ಸ್ವಲ್ಪ ಬದಲಿಸಬಹುದು. ಹತ್ತು ಬೀಜಗಳಲ್ಲಿ ಕೆಲವನ್ನು ಮುಚ್ಚಿಟ್ಟು ಉಳಿದವನ್ನು ತೋರಿಸಿ, ‘ಮುಚ್ಚಿದವು ಎಷ್ಟು?’ ಎಂದು ಕೇಳಿದರೆ ಕೂಡುವುದೂ ಕಳೆಯುವುದೂ ಒಂದೇ ನಾಣ್ಯದ ಎರಡು ಮುಖಗಳೆಂಬುದು ಮನದಟ್ಟಾಗುತ್ತದೆ.

ಐದು ಕಲ್ಲಿನ ಆಟ. ಒಂದು ಕಲ್ಲನ್ನು ಮೇಲಕ್ಕೆ ಹಾರಿಸಿ, ಅದು ಕೆಳಗೆ ಬೀಳುವುದರೊಳಗೆ ನೆಲದ ನಾಲ್ಕು ಕಲ್ಲುಗಳನ್ನು ಎತ್ತಿಕೊಳ್ಳುವ ಈ ಆಟವನ್ನು ಹೆಣ್ಣುಮಕ್ಕಳು ವಿಶೇಷವಾಗಿ ಬಲ್ಲರು. ಮೊದಲು ಒಂದೊಂದಾಗಿ, ಬಳಿಕ ಎರಡೆರಡಾಗಿ, ಆಮೇಲೆ ಮೂರು ಮತ್ತು ಒಂದಾಗಿ, ಕೊನೆಗೆ ನಾಲ್ಕನ್ನೂ ಒಟ್ಟಿಗೆ ಎತ್ತಬೇಕು. ನಾಲ್ಕನ್ನು ಬಿಡಿಸುವ ರೀತಿಗಳು ಇಲ್ಲಿ ಕೈಗೇ ಅಭ್ಯಾಸವಾಗುತ್ತವೆ. ‘ಕಲ್ಲುಗಳು ಏಳಾದರೆ ನೆಲದ ಆರನ್ನು ಹೇಗೆಲ್ಲ ಎತ್ತಬಹುದು?’ ಎಂದು ಉಪಾಧ್ಯಾಯರು ಕೇಳಿದರೆ ಸಾಕು. ಎರಡೆರಡು ಮೂರು ಸಲ, ಮೂರುಮೂರು ಎರಡು ಸಲ ಎಂದು ಮಗ್ಗಿಯ ಬಾಗಿಲು ತೆರೆಯುತ್ತದೆ.

ಕಟ್ಟು ಕಟ್ಟುವ ಆಟ. ಸ್ಥಾನಬೆಲೆಯನ್ನು ಕಲಿಸಲು ಇದು ಉತ್ತಮ ಸಾಧನ. ತೊಗರಿಯ ಕಡ್ಡಿಗಳೋ ಪೊರಕೆಯ ಕಡ್ಡಿಗಳೋ ಇದ್ದರೆ ಸಾಕು. ಮಕ್ಕಳು ಸರದಿಯಂತೆ ಕವಡೆ ಎಸೆದು, ಬಿದ್ದಷ್ಟು ಕಡ್ಡಿಗಳನ್ನು ತೆಗೆದುಕೊಳ್ಳುತ್ತಾರೆ. ಹತ್ತು ಆದೊಡನೆ ದಾರದಿಂದ ಕಟ್ಟು ಕಟ್ಟಬೇಕು. ಯಾರ ಬಳಿಯೂ ಒಂಬತ್ತಕ್ಕಿಂತ ಹೆಚ್ಚು ಬಿಡಿ ಕಡ್ಡಿಗಳು ಇರಕೂಡದೆಂಬುದೇ ನಿಯಮ. ಹತ್ತು ಕಟ್ಟುಗಳನ್ನು ಮೊದಲು ಮಾಡಿದವರು ನೂರರ ಹೊರೆ ಕಟ್ಟುತ್ತಾರೆ.

ಮರುದಿನ ಆಟವನ್ನು ಹಿಂದುಮುಂದಾಗಿಸಬೇಕು. ಈಗ ಬಿದ್ದಷ್ಟು ಕಡ್ಡಿಗಳನ್ನು ಕೊಟ್ಟುಬಿಡಬೇಕು. 3 ಕಟ್ಟು, 4 ಬಿಡಿ ಕಡ್ಡಿಯುಳ್ಳ ಮಗು 8 ಕಡ್ಡಿ ಕೊಡಬೇಕಾದಾಗ ತಾನೇ ಒಂದು ಕಟ್ಟನ್ನು ಬಿಚ್ಚುತ್ತದೆ. ಅದರ ಮುಂದೆ ಈಗ 2 ಕಟ್ಟು, 14 ಬಿಡಿ. ಎಂಟನ್ನು ಕೊಟ್ಟರೆ 6 ಬಿಡಿ ಉಳಿಯುತ್ತವೆ. ಮತ್ತೆ ಹತ್ತನ್ನು ಕೇಳಿದರೆ ಒಂದು ಕಟ್ಟನ್ನೇ ಎತ್ತಿ ಕೊಡುತ್ತದೆ. ಉಳಿದುದು 16. ‘ತಂದ ಒಂದು ಹೇಗೆ ಹತ್ತಾಯಿತು’ ಎಂಬ ಮೊದಲಿನ ಮೂಕ ಪ್ರಶ್ನೆಗೆ ಬಿಚ್ಚಿದ ದಾರವೇ ಉತ್ತರ ಹೇಳುತ್ತದೆ.

ಅಳಗುಳಿ ಮಣೆ. ತುಳುನಾಡಿನಲ್ಲಿ ಚೆನ್ನೆಮಣೆಯೆಂದು ಕರೆಯುವ ಇದಕ್ಕೆ ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿಗಳು. ಮಣೆ ಇಲ್ಲದಿದ್ದರೆ ನೆಲದಲ್ಲಿ ಗುಳಿ ತೋಡಬಹುದು. ಗುಳಿಗೆ 4ರಂತೆ ಬೀಜವಿಟ್ಟರೆ ಒಟ್ಟು 56. 5ರಂತೆ ಇಟ್ಟರೆ 70. ಒಂದು ಗುಳಿಯ ಬೀಜಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗುವುದೇ ಆಟದ ಕ್ರಮ. ಕೊನೆಯ ಬೀಜ ಎಲ್ಲಿ ಬೀಳುವುದೆಂದು ಮೊದಲೇ ಎಣಿಸಿ ನೋಡುವವರಿಗೆ ಗೆಲುವು ಹತ್ತಿರ. ಆಟ ಮುಗಿದ ಮೇಲೆ ಒಬ್ಬಳ ಬಳಿ 31 ಬೀಜಗಳಿದ್ದರೆ ಮತ್ತೊಬ್ಬಳ ಬಳಿ ಎಷ್ಟಿರಬೇಕು? ಎಣಿಸದೆಯೇ 25 ಎನ್ನಬಹುದು. ಎಣಿಸಿ ತಾಳೆ ನೋಡಬಹುದು. ಆರಂಭದ 28ಕ್ಕಿಂತ ಒಬ್ಬಳಿಗೆ 3 ಹೆಚ್ಚು, ಮತ್ತೊಬ್ಬಳಿಗೆ 3 ಕಡಿಮೆ. ಮುಂದೆ ಬರುವ ಧನ-ಋಣ ಸಂಖ್ಯೆಗಳ ಕಲ್ಪನೆಗೆ ಇದು ಪೀಠಿಕೆಯಾಗುತ್ತದೆ.

ಚೌಕಾಬಾರ. 25 ಮನೆಗಳ ಈ ಆಟ ನಾಲ್ಕು-ಐದನೆಯ ತರಗತಿಗಳಿಗೆ ಹಿಡಿಸುತ್ತದೆ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ 1. ತನ್ನ ಕಟ್ಟೆಯಿಂದ ಹೊರಟ ಕಾಯಿ 24 ಹೆಜ್ಜೆ ನಡೆದು ನಡುಮನೆ ಸೇರುತ್ತದೆ. ನಾಲ್ಕು ಕವಡೆಗಳಲ್ಲಿ ಅಂಗಾತ ಬಿದ್ದವುಗಳ ಎಣಿಕೆಯಂತೆ 1, 2, 3. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಕವಡೆ ಸಿಗದಿದ್ದರೆ ಒಂದು ಬದಿ ತೇಯ್ದ ಹುಣಿಸೆಬೀಜಗಳು ಸಾಕು. ಚೌಕಕ್ಕೂ ಬಾರಕ್ಕೂ ಮತ್ತೊಂದು ಎಸೆತ ಸಿಗುವುದು ವಾಡಿಕೆ.

ಇಲ್ಲಿ ಒಂದು ಸೊಗಸಾದ ಶೋಧನೆ ಅಡಗಿದೆ. ಒಂದು ಸರದಿಯಲ್ಲಿ ಬಿದ್ದ ಎಲ್ಲ ಎಸೆತಗಳ ಮೊತ್ತವನ್ನು ಮಕ್ಕಳು ಹಲಗೆಯ ಮೇಲೆ ಬರೆದಿಡಲಿ. 1, 2, 3, 5, 6, 7, 9, 10, 11 ಮುಂತಾದ ಸಂಖ್ಯೆಗಳು ಬರುತ್ತವೆ. 4, 8, 12 ಎಂದಿಗೂ ಬರುವುದಿಲ್ಲ. ಏಕೆ? ಚೌಕವೋ ಬಾರವೋ ಬಿದ್ದರೆ ಮತ್ತೆ ಎಸೆಯಲೇಬೇಕು. ಸರದಿ ಮುಗಿಯುವುದು 1, 2 ಅಥವಾ 3 ಬಿದ್ದಾಗ ಮಾತ್ರ. ಆದುದರಿಂದ ಮೊತ್ತವನ್ನು 4ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಸರದಿಯ ಕೊನೆಯ ಎಸೆತ. ಭಾಗಾಕಾರದ ಶೇಷಕ್ಕೂ ಒಂದು ಅರ್ಥವಿದೆಯೆಂದು ತಾನೇ ಕಂಡುಕೊಂಡ ಬಾಲಕನಿಗೆ ಆಗುವ ಆನಂದ ಬೇರೆ ಬಹುಮಾನವನ್ನು ಬೇಡುವುದಿಲ್ಲ.

ಸಂತೆಯಾಟ. ತರಗತಿಯ ಒಂದು ಮೂಲೆಯಲ್ಲಿ ಅಂಗಡಿ ಹೂಡಿ, ರಟ್ಟಿನ ನಾಣ್ಯ-ನೋಟುಗಳಿಂದ ವ್ಯಾಪಾರ ನಡೆಸಬಹುದು. 37 ರೂಪಾಯಿಯ ಸಾಮಾನು ಕೊಂಡು 50ರ ನೋಟು ಕೊಟ್ಟವನಿಗೆ ಅಂಗಡಿಯವಳು ಕಳೆಯುವ ಲೆಕ್ಕ ಹಾಕದೆ, ‘ಮೂವತ್ತೇಳಕ್ಕೆ ಮೂರು ನಲವತ್ತು, ಮತ್ತೆ ಹತ್ತು ಐವತ್ತು’ ಎಂದು 13 ರೂಪಾಯಿ ಹಿಂದಿರುಗಿಸಲಿ. ಮನೆಯಲ್ಲಿ ಹಳೆಯ ಸೇರು-ಪಾವುಗಳಿದ್ದರೆ ತಂದು ಮರಳು ಅಳೆಯಲಿ. ನಾಲ್ಕು ಪಾವು ಸುರಿದಾಗ ಸೇರು ತುಂಬುವುದನ್ನು ಕಂಡ ಮಗುವಿಗೆ ಕಾಲು, ಅರ್ಧ, ಮುಕ್ಕಾಲು ಎಂಬ ಮಾತುಗಳು ಪೊಳ್ಳಾಗಿ ಕೇಳಿಸವು.

ಉಪಾಧ್ಯಾಯರು ವಹಿಸಬೇಕಾದ ಎಚ್ಚರಿಕೆ

ಮೊದಲನೆಯದಾಗಿ, ವೇಗದ ಸ್ಪರ್ಧೆಯನ್ನು ಆಟವೆಂದು ಭ್ರಮಿಸಬಾರದು. ‘ಮೊದಲು ಹೇಳಿದವರು ಗೆದ್ದರು’ ಎಂಬ ಪಂದ್ಯದಲ್ಲಿ ನಾಲ್ಕೈದು ಚುರುಕು ಮಕ್ಕಳು ಮಾತ್ರ ಲೆಕ್ಕ ಮಾಡುತ್ತಾರೆ. ಉಳಿದವರು ಅವರ ಬಾಯಿ ನೋಡುತ್ತಾರೆ. ಯಾವ ಮಗುವಿಗೆ ಆಟ ಅತ್ಯಗತ್ಯವೋ ಅದೇ ಮಗು ಆಟದಿಂದ ಹೊರಗುಳಿಯುತ್ತದೆ. ಮೇಲೆ ಹೇಳಿದ ಆಟಗಳಲ್ಲಿ ಪ್ರತಿಯೊಬ್ಬರಿಗೂ ಸರದಿಯುಂಟು, ಎಣಿಸಲು ಬಿಡುವುಂಟು. ತಂಡಕ್ಕೆ ನಾಲ್ವರಿಗಿಂತ ಹೆಚ್ಚು ಮಕ್ಕಳಿರದಂತೆ ನೋಡಿಕೊಳ್ಳುವುದು ಲೇಸು.

ಎರಡನೆಯದಾಗಿ, ಕವಡೆಯನ್ನು ಕಂಡೊಡನೆ ಹಿರಿಯರಿಗೆ ಜೂಜಿನ ನೆನಪಾಗುವುದು ಸಹಜ. ಪಗಡೆಯಾಟದಲ್ಲಿ ಧರ್ಮರಾಯ ರಾಜ್ಯವನ್ನು ಕಳೆದುಕೊಂಡ ಕಥೆ ಯಾರಿಗೆ ತಿಳಿಯದು? ಕೇಡು ಇರುವುದು ಒಡ್ಡುವ ಪಣದಲ್ಲಿ. ತರಗತಿಯಲ್ಲಿ ಪಣಕ್ಕೆ ಎಡೆಯಿಲ್ಲ. ಆಟ ಮುಗಿದೊಡನೆ ಬೀಜಗಳೆಲ್ಲ ಡಬ್ಬಿಗೆ ಮರಳಬೇಕು. ಈ ವಿಷಯವನ್ನು ಪಾಲಕರಿಗೆ ಮುಂಚಿತವಾಗಿ ತಿಳಿಸಿ ಹೇಳುವುದು ಒಳಿತು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಆಟವು ಆಟವಾಗಿಯೇ ಮುಗಿಯಬಾರದು. ಕೈಯಲ್ಲಿ ಕಂಡುದು ಬಾಯಲ್ಲಿ ಬರಬೇಕು. ಬಾಯಲ್ಲಿ ಬಂದುದು ಹಲಗೆಯ ಮೇಲೆ ಅಂಕಿಯಾಗಬೇಕು. ಅವಧಿಯ ಕೊನೆಯ ಹತ್ತು ನಿಮಿಷಗಳನ್ನು ಇದಕ್ಕಾಗಿ ಮೀಸಲಿಡಬೇಕು. ‘ನೀನು ಕಟ್ಟು ಬಿಚ್ಚಿದ್ದು ಏಕೆ?’ ಎಂದು ಕೇಳಿ, ಮಗುವಿನ ಮಾತಿನಲ್ಲಿಯೇ ಉತ್ತರ ಹೊರಡಿಸಿ, ಬಳಿಕ 34 − 18 = 16 ಎಂದು ಬರೆಸಬೇಕು. ಈ ಸೇತುವೆಯನ್ನು ಕಟ್ಟದಿದ್ದರೆ ಮಗು ಆಟದಲ್ಲಿ ಜಾಣನಾಗಿಯೂ ಪರೀಕ್ಷೆಯಲ್ಲಿ ಪೆದ್ದನಾಗಿಯೂ ಉಳಿಯಬಹುದು.

ಉಪಸಂಹಾರ

ಗಣಿತವನ್ನು ರಸವತ್ತಾಗಿ ಕಲಿಸುವ ಯತ್ನ ಈ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಕ್ರಿ.ಶ. 850ರ ಸುಮಾರಿಗೆ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಹಣ್ಣು, ಹೂವು, ದುಂಬಿಗಳೇ ಲೆಕ್ಕಗಳಾಗಿ ಬರುತ್ತವೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಇತ್ತೀಚೆಗೆ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ಸಹಾಯದಿಂದ ಆರಂಭವಾದ ‘ನಲಿ-ಕಲಿ’ ಯೋಜನೆ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿತು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಪ್ರಾರಂಭಿಸಿದ ‘ನಿಪುಣ ಭಾರತ’ ಕಾರ್ಯಕ್ರಮವು, ಮೂರನೆಯ ತರಗತಿ ಮುಗಿಸುವ ಪ್ರತಿಯೊಂದು ಮಗುವಿಗೂ ಓದು-ಬರಹದೊಡನೆ ಮೂಲಗಣಿತವೂ ಬರಬೇಕೆಂಬ ಗುರಿಯನ್ನು ಇರಿಸಿಕೊಂಡಿದೆ.

ಯೋಜನೆಗಳು ಮೇಲಿನಿಂದ ಬರುತ್ತವೆ. ಕಡ್ಡಿ, ಕಲ್ಲು, ಬೀಜಗಳು ಶಾಲೆಯ ಅಂಗಳದಲ್ಲಿಯೇ ದೊರೆಯುತ್ತವೆ. ಅವಕ್ಕೆ ಹಣ ಬೇಡ, ಮಂಜೂರಾತಿ ಬೇಡ. ಬೇಕಾದುದು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತ ಮಗುವಿನ ಕೈಗೆ ಹತ್ತು ಹುಣಿಸೆಬೀಜಗಳನ್ನು ಕೊಟ್ಟು, ಅದು ಎಣಿಸಿ ಮುಗಿಸುವವರೆಗೆ ಕಾಯುವ ತಾಳ್ಮೆ. ಅಷ್ಟು ತಾಳ್ಮೆಯುಳ್ಳ ಉಪಾಧ್ಯಾಯರ ತರಗತಿಯಲ್ಲಿ ಗಣಿತದ ಭೀತಿಗೆ ನೆಲೆ ಸಿಗುವುದು ಕಷ್ಟ.