ಕಬ್ಬಿನ ಬಿಲ್ ಬಂದ ವಾರ

ಬೈಲಹೊಂಗಲ, ಕಿತ್ತೂರು, ಸವದತ್ತಿ ಸೀಮೆಯ ರೈತರ ಮನೆಗೆ ದುಡ್ಡು ಒಂದನೇ ತಾರೀಖಿಗೆ ಬರುವುದಿಲ್ಲ. ಹತ್ತಿ ಪೇಟೆಗೆ ಹೋದಾಗ ಒಮ್ಮೆ, ಕಬ್ಬಿನ ಬಿಲ್ ಖಾತೆಗೆ ಬಿದ್ದಾಗ ಒಮ್ಮೆ ಇಡಿಗಂಟಾಗಿ ಬರುತ್ತದೆ. ಸೊಸೈಟಿ ಸಾಲ, ಗೊಬ್ಬರದಂಗಡಿಯ ಉದ್ರಿ ತೀರಿಸಿ ಉಳಿದದ್ದೇ ವರ್ಷದ ಆಧಾರ. ಆ ಗಂಟಿನ ಮೇಲೆ ಈಗ ಮಗನ ಮೊಬೈಲಿನ ಆಪ್ಷನ್ ಟ್ರೇಡಿಂಗಿನ ಕಣ್ಣು ಬಿದ್ದಿದೆ.

ಬೈಲಹೊಂಗಲದ ಪರಿಚಯದ ಹುಡುಗನೊಬ್ಬ ಎಕ್ಸ್‌ಪೈರಿ ದಿನ, ಅಂದರೆ ಆಪ್ಷನ್ ಅವಧಿ ಮುಗಿಯುವ ದಿನ, ಮಧ್ಯಾಹ್ನ ನನಗೆ ಫೋನ್ ತೋರಿಸಿದ. ₹40ಕ್ಕೆ ಕೊಂಡ ನಿಫ್ಟಿ ಕಾಲ್, ಸೂಚ್ಯಂಕ ಏರುತ್ತದೆ ಎಂಬ ಬಾಜಿ. ಎರಡೂವರೆಗೆ 22, ಮೂರಕ್ಕೆ 9, ಮೂರೂವರೆಗೆ ಸೊನ್ನೆ. ‘ನಿಫ್ಟಿ ಬಿದ್ದಽ ಇಲ್ಲಲ್ರಿ, ಹಂಗಽ ನಿಂತೈತಿ’ ಎಂದ. ಹೊಸಬರಿಗೆ ಯಾರೂ ಹೇಳದ ಮಾತು ಇದೇ. ಆಪ್ಷನ್ ಕೊಂಡವನು ಸೋಲಲು ಸೂಚ್ಯಂಕ ಬೀಳಬೇಕಿಲ್ಲ. ಅದು ನಿಂತಲ್ಲೇ ನಿಂತರೂ ಗಡಿಯಾರ ಅವನ ದುಡ್ಡು ತಿನ್ನುತ್ತದೆ.

ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್–ಆಪ್ಷನ್ಸ್ ಆಡಿದ ಬಿಡಿ ವ್ಯಾಪಾರಿಗಳಲ್ಲಿ 93% ಮಂದಿ ಸೋತರು. ಒಟ್ಟು ನಷ್ಟ ₹1.8 ಲಕ್ಷ ಕೋಟಿ ಮೀರಿತು. ಆಡಿದವರಲ್ಲಿ 72%ಕ್ಕೂ ಹೆಚ್ಚು ಜನ ದೇಶದ ಮೊದಲ 30 ನಗರಗಳ ಆಚೆಯವರು, ಅಂದರೆ ನಮ್ಮಂಥ ಊರಿನವರು. ನನ್ನ ಹೊಟ್ಟೆ ಉರಿಯುವುದು ಈ ಅಂಕಿಗೆ.

ಹತ್ತಿ ನೆಲಕ್ಕೆ ಈ ಆಟ ಹೊಸದೇನಲ್ಲ. ನ್ಯೂಯಾರ್ಕ್ ಹತ್ತಿ ಪೇಟೆಯ ಓಪನ್, ಕ್ಲೋಸ್ ದರಗಳ ಮೇಲೆ ಮುಂಬೈಯಲ್ಲಿ ಕಟ್ಟುತ್ತಿದ್ದ ಬಾಜಿಯೇ ಮುಂದೆ ಮಟಕಾ ಆಯಿತು. ಬಾಜಿ ಕಟ್ಟಿದವನ ಮನೆಯಲ್ಲಿ ಒಂದು ಹಿಡಿ ಅರಳೆಯೂ ಇರುತ್ತಿರಲಿಲ್ಲ. ಓಸಿ, ಅಂದರೆ ಮಟಕಾ ನಂಬರು, ಬರೆಸಿ ಹೊಲ ಕಳೆದುಕೊಂಡವರ ಮಕ್ಕಳು ಇವತ್ತು ಆಪ್ಷನ್ ಬಾಜಿಯನ್ನೇ ಷೇರುಪೇಟೆ ಎಂದು ನಂಬಿದ್ದಾರೆ.

ಷೇರುಪೇಟೆಯನ್ನು ನಾನು ದೂರುತ್ತಿಲ್ಲ. ನನ್ನ ಉಳಿತಾಯದ ದೊಡ್ಡ ಪಾಲು ಇರುವುದೇ ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿ. 2020ರ ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಕುಸಿಯಿತು. ತೆಗೆದುಬಿಡಿ ಎಂದು ಮನೆಯಲ್ಲಿ ಒತ್ತಾಯ. ವರ್ಷದ ಖರ್ಚು ಬ್ಯಾಂಕಿನಲ್ಲಿ ಬೇರೆಯೇ ಇತ್ತು, ಫಂಡಿನ ಹಣ ಹತ್ತು ವರ್ಷ ಬೇಕಿರಲಿಲ್ಲ, ಕಂತು ನಿಲ್ಲಿಸಲಿಲ್ಲ. ಅದೇ ನವೆಂಬರಿನಲ್ಲಿ ಪೇಟೆ ಹಳೆಯ ಎತ್ತರ ದಾಟಿತು. ನನ್ನನ್ನು ಕಾಪಾಡಿದ್ದು ಬ್ಯಾಂಕಿನಲ್ಲಿದ್ದ ಆ ವರ್ಷದ ಖರ್ಚು. ಅದಿಲ್ಲದವನು ಏಪ್ರಿಲ್‌ನಲ್ಲೇ ಮಾರಬೇಕಾಗುತ್ತಿತ್ತು.

ಆದರೆ ಕಂತಿನ ದಾರಿ ಎಲ್ಲರಿಗೂ ಒಂದೇ ಅಲ್ಲ. ರಾಮದುರ್ಗದ ನೇಕಾರರಿಗೆ ಭಿಶಿ (ಚೀಟಿ) ಕಟ್ಟಿ ರೂಢಿಯಿದೆ, ತಿಂಗಳ ಎಸ್‌ಐಪಿ ಅವರ ಕೈಗೆ ಒಗ್ಗುತ್ತದೆ. ಕಬ್ಬಿನವರಿಗೆ ಒಗ್ಗುವುದಿಲ್ಲ, ನಡುವೆ ಖಾತೆ ಖಾಲಿಯಾಗಿ ಕಂತು ತಪ್ಪುತ್ತದೆ. ಅವರು ಬಿಲ್ ಬಂದ ವಾರವೇ ಮನೆಖರ್ಚು, ಮುಂದಿನ ಬಿತ್ತನೆಯ ಹಣ ಎತ್ತಿಟ್ಟು, ಮಿಕ್ಕದ್ದನ್ನು ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ ಇಂಡೆಕ್ಸ್ ಫಂಡಿಗೆ ಎಸ್‌ಟಿಪಿ (ತಿಂಗಳ ವರ್ಗಾವಣೆ) ಬರೆದುಕೊಡಲಿ. ₹1.2 ಲಕ್ಷ ಉಳಿದಿದ್ದರೆ ತಿಂಗಳಿಗೆ ₹10,000 ತಾನೇ ಹೋಗುತ್ತದೆ, ಮುಗಿಯುವ ಹೊತ್ತಿಗೆ ಮುಂದಿನ ಹಂಗಾಮಿನ ಬಿಲ್ ಬಂದಿರುತ್ತದೆ. ಖಾತೆ ಅಪ್ಪನ ಹೆಸರಿನಲ್ಲಿರಲಿ, ಒಟಿಪಿ ಬರುವ ಫೋನೂ ಅಪ್ಪನ ಕಿಸೆಯಲ್ಲೇ ಇರಲಿ.