ಏಳು ಪಿನ್ನಿನ ಪ್ಲಗ್, ನಾಲ್ಕು ತಂತಿಯ ಪಿಕಪ್

ಪ್ರಶ್ನೆ: ನಾನಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ನನ್ನ ಹಳೆಯ ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿ ನಾಲ್ಕು ಪಿನ್ನಿನ ಚಪ್ಪಟೆ ಕನೆಕ್ಟರ್ ಇದೆ. ಕೊಳ್ಳಬೇಕೆಂದಿರುವ ಕ್ಯಾಂಪರ್ ಟ್ರೇಲರ್‌ನ ಪ್ಲಗ್ಗಿಗೆ ಏಳು ಪಿನ್ನು. ಎರಡನ್ನೂ ಹೊಂದಿಸುವ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಅಷ್ಟು ಸಾಲದೇ?

ಉತ್ತರ: ಕೊಳ್ಳುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ಅಡಾಪ್ಟರ್ ಸಿಕ್ಕಿಸಿದೊಡನೆ ಟ್ರೇಲರ್‌ನ ಹಿಂಬದಿ ದೀಪಗಳು ಹತ್ತಿಕೊಳ್ಳುತ್ತವೆ. ಕೆಲಸ ಮುಗಿಯಿತು ಅನ್ನಿಸುವುದು ಸಹಜ. ಆದರೆ ಸಾಲದು. ಅಡಾಪ್ಟರ್ ಪಿನ್ನುಗಳ ಆಕಾರವನ್ನು ಹೊಂದಿಸುತ್ತದೆ, ಟ್ರಕ್ಕಿನಲ್ಲಿ ಇಲ್ಲದ ತಂತಿಯನ್ನು ತಂದುಕೊಡುವುದಿಲ್ಲ.

ನಿಮ್ಮ ನಾಲ್ಕು ತಂತಿಗಳನ್ನು ಮೊದಲು ನೋಡೋಣ. ಬಿಳಿಯದು ಅರ್ತಿಂಗ್, ಎಂದರೆ ಕರೆಂಟು ಮರಳುವ ದಾರಿ. ಕಂದು ಹಿಂಬದಿ ದೀಪಕ್ಕೆ, ಹಳದಿ ಎಡ ಇಂಡಿಕೇಟರ್‌ಗೆ, ಹಸಿರು ಬಲಕ್ಕೆ. ಬ್ರೇಕ್ ದೀಪದ ತಂತಿ ಎಲ್ಲಿ ಎನ್ನುತ್ತೀರೇನೋ. ಈ ಜೋಡಣೆಯಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಕೆಂಪು ದೀಪ, ಹಾಗಾಗಿ ಬೇರೆ ತಂತಿ ಬೇಕಿಲ್ಲ. ಏಳು ಪಿನ್ನಿನ ಪ್ಲಗ್ಗಿನಲ್ಲಿ ಹೆಚ್ಚಿಗೆ ಇರುವುದು ಮೂರು: ಟ್ರೇಲರ್‌ನ ಬ್ರೇಕ್, 12 ವೋಲ್ಟ್ ಚಾರ್ಜಿಂಗ್, ಮತ್ತು ನಟ್ಟನಡುವಿನ ಪಿನ್ನಿಗೆ ರಿವರ್ಸ್ ದೀಪ. ಕೊನೆಯದು ಇಲ್ಲದಿದ್ದರೂ ಟ್ರೇಲರ್ ಎಳೆಯಬಹುದು. ಬ್ರೇಕಿನ ವಿಷಯ ಹಾಗಲ್ಲ. ಟೆಕ್ಸಾಸ್ ಕಾನೂನಿನಲ್ಲಿ, ಒಟ್ಟು ತೂಕ 4,500 ಪೌಂಡ್ ಮೀರಿದ ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಬೇಕು.

ಕ್ಯಾಂಪರ್‌ನ ಚಕ್ರದ ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತ ಇರುತ್ತದೆ. ಕರೆಂಟು ಹರಿದಾಗ ಅದು ತಿರುಗುವ ಡ್ರಮ್ಮಿಗೆ ಅಂಟಲು ಹೋಗಿ, ಅದರೊಡನೆ ತುಸು ಸರಿದು, ಒಂದು ಸನ್ನೆಯನ್ನು ತಳ್ಳುತ್ತದೆ. ಸನ್ನೆ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಒಂದು ಕಾಂತಕ್ಕೆ ಸುಮಾರು 3 ಆಂಪಿಯರ್, ನಾಲ್ಕು ಚಕ್ರವಾದರೆ 12ರ ಆಸುಪಾಸು. ಕರೆಂಟು ಎಷ್ಟು ಹರಿಯುತ್ತದೋ ಹಿಡಿತ ಅಷ್ಟು. ಎಷ್ಟು ಹರಿಸಬೇಕೆಂದು ತೀರ್ಮಾನಿಸುವುದು ಸ್ಟೀರಿಂಗ್ ಬಳಿ ಕೂರಿಸುವ ಬ್ರೇಕ್ ಕಂಟ್ರೋಲರ್. ಅದಕ್ಕೆ ನಾಲ್ಕು ತಂತಿ: ಬ್ಯಾಟರಿಯಿಂದ ಒಂದು, ಅರ್ತಿಂಗ್ ಒಂದು, ಬ್ರೇಕ್ ಪೆಡಲಿನ ಸ್ವಿಚ್ಚಿನಿಂದ ಒಂದು, ಹಿಂದಕ್ಕೆ ಟ್ರೇಲರ್‌ಗೆ ಹೋಗುವ ನೀಲಿ ಒಂದು. ಅಗ್ಗದ ಕಂಟ್ರೋಲರ್‌ಗಳು ಪೆಡಲ್ ಒತ್ತಿದ ಮೇಲೆ ಗಡಿಯಾರದ ಲೆಕ್ಕದಲ್ಲಿ ಕರೆಂಟನ್ನು ಏರಿಸುತ್ತವೆ. ಇನ್ನೊಂದು ಬಗೆಯವು ಟ್ರಕ್ಕಿನ ವೇಗ ಎಷ್ಟು ಬೇಗ ಇಳಿಯುತ್ತಿದೆ ಎಂದು ಅಳೆದು ಅದಕ್ಕೆ ತಕ್ಕಷ್ಟು ಕೊಡುತ್ತವೆ. ನನ್ನನ್ನು ಕೇಳಿದರೆ, ಇಲ್ಲಿ ದುಡ್ಡು ಉಳಿಸಬೇಡಿ, ಎರಡನೆಯದನ್ನೇ ಕೊಳ್ಳಿ.

ಚಾರ್ಜಿಂಗ್ ತಂತಿ ಟ್ರಕ್ಕಿನ ಬ್ಯಾಟರಿಯಿಂದ ಫ್ಯೂಸ್ ಹಾಯ್ದು ಹಿಂದಕ್ಕೆ ಬರುತ್ತದೆ. ಸಾಮಾನ್ಯವಾಗಿ ಅದು 30 ಆಂಪಿಯರ್ ಫ್ಯೂಸ್. ನಡುವೆ ಒಂದು ರಿಲೇ ಇರಲಿ. ಇಲ್ಲವಾದರೆ ನೀವು ತಂಗಿದ ರಾತ್ರಿ ಕ್ಯಾಂಪರ್‌ನ ಫ್ರಿಜ್ಜು ಟ್ರಕ್ಕಿನ ಬ್ಯಾಟರಿಯನ್ನೂ ಕುಡಿದುಬಿಟ್ಟು, ಬೆಳಗ್ಗೆ ಎಂಜಿನ್ ಶುರುವಾಗುವುದಿಲ್ಲ. ಈ ತಂತಿ 10 ಗೇಜಿಗಿಂತ ಸಣ್ಣದಾಗಬಾರದು. ದಾರಿ ಉದ್ದ, ಹೋಗುತ್ತ ವೋಲ್ಟೇಜ್ ಸೋರುತ್ತದೆ. ಆಲ್ಟರ್ನೇಟರ್‌ನಲ್ಲಿ 14 ಇದ್ದದ್ದು ಕ್ಯಾಂಪರ್ ತಲುಪುವಾಗ 13ಕ್ಕೆ ಇಳಿದಿರಬಹುದು. ಇಡೀ ದಿನ ಓಡಿಸಿದರೂ ಕ್ಯಾಂಪರ್‌ನ ಬ್ಯಾಟರಿ ತುಂಬಲಿಲ್ಲವೆಂದು ಹಲವರು ಗೊಣಗುವುದು ಇದರಿಂದಲೇ.

ಇನ್ನು, ಎಲ್ಲರೂ ಎಡವುವ ಜಾಗ ಒಂದಿದೆ: ಬಣ್ಣ. ನಾಲ್ಕು ಪಿನ್ನಿನಲ್ಲಿ ಹಳದಿ ಎಡ ಇಂಡಿಕೇಟರ್ ಎಂದೆನಲ್ಲ. ಕ್ಯಾಂಪರ್‌ಗಳ ಏಳು ತಂತಿಯ ಪದ್ಧತಿಯಲ್ಲಿ ಹಳದಿ ರಿವರ್ಸ್ ದೀಪ. ಅಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಕಂದು, ಹಿಂಬದಿ ದೀಪಕ್ಕೆ ಹಸಿರು. ಬಣ್ಣ ನೋಡಿ ಜೋಡಿಸಿದರೆ ಎಡಕ್ಕೆ ಸಿಗ್ನಲ್ ಕೊಟ್ಟಾಗ ರಿವರ್ಸ್ ದೀಪ ಮಿನುಗೀತು. ಬದಲಾಗದಿರುವುದು ಸಾಕೆಟ್ಟಿನಲ್ಲಿ ಪಿನ್ನಿನ ಸ್ಥಾನ. ಒಬ್ಬರು ಒಳಗೆ ಕುಳಿತು ಒಂದೊಂದೇ ಸ್ವಿಚ್ ಹಾಕಲಿ, ನೀವು ಹಿಂದೆ ಟೆಸ್ಟರ್ ಹಿಡಿದು ಯಾವ ತಂತಿ ಜೀವ ಪಡೆಯುತ್ತದೆಂದು ನೋಡಿ, ಕೆಲಸಕ್ಕೆ ಕೆಲಸ ಹೊಂದಿಸಿ.

ಬಿಳಿ ತಂತಿಯನ್ನು ಟ್ರಕ್ಕಿನ ಚಾಸಿಗೆ, ಪೇಂಟು ಕೆರೆದ ಜಾಗದಲ್ಲಿ ಬಿಗಿಯಿರಿ. ಕೊಂಡಿಯ ಗುಂಡೇ ಅರ್ತಿಂಗ್ ಕೊಡುತ್ತದೆಂದು ನಂಬಬೇಡಿ, ಅದರ ಮೇಲೆ ಗ್ರೀಸ್ ಇರುತ್ತದೆ. ಇಂಡಿಕೇಟರ್ ಹಾಕಿದಾಗ ಬೇರೆ ದೀಪಗಳೂ ಮಂಕಾಗಿ ಮಿಣುಕಿದರೆ ಮೊದಲು ಈ ತಂತಿಯನ್ನೇ ಅನುಮಾನಿಸಿ.

ಟ್ರೇಲರ್‌ನ ಮೂತಿಯ ಬಳಿ ಸಣ್ಣ ಹಗ್ಗವಿರುವ ಒಂದು ಸ್ವಿಚ್ಚನ್ನೂ ನೋಡುವಿರಿ. ಟ್ರೇಲರ್ ಕಳಚಿಕೊಂಡರೆ ಹಗ್ಗ ಪಿನ್ನನ್ನು ಕಿತ್ತು, ಕ್ಯಾಂಪರ್‌ನ ಬ್ಯಾಟರಿಯಿಂದಲೇ ಬ್ರೇಕ್ ಬೀಳುತ್ತದೆ. ಹಗ್ಗವನ್ನು ಸರಪಳಿಗೆ ಕಟ್ಟದೆ ಟ್ರಕ್ಕಿಗೇ ಕಟ್ಟಿ. ಬ್ಯಾಟರಿ ಖಾಲಿಯಿದ್ದರೆ ಈ ವ್ಯವಸ್ಥೆ ಇದ್ದೂ ಇಲ್ಲದಂತೆ.

ಎಲ್ಲ ಮುಗಿದ ಮೇಲೆ ಖಾಲಿ ಮೈದಾನವೊಂದರಲ್ಲಿ ಗಂಟೆಗೆ 20 ಮೈಲಿ ವೇಗದಲ್ಲಿ ಹೋಗುತ್ತ ಕಂಟ್ರೋಲರ್‌ನ ಹಿಡಿಯನ್ನು ಕೈಯಿಂದ ಒತ್ತಿ. ಟ್ರೇಲರ್ ಹಿಂದಿನಿಂದ ಜಗ್ಗಿದಂತಾಗಬೇಕು, ಚಕ್ರ ಕಚ್ಚಿ ಜಾರಬಾರದು. ಜಾರಿದರೆ ಸೆಟ್ಟಿಂಗನ್ನು ತುಸು ಇಳಿಸಿ, ಇನ್ನೊಮ್ಮೆ ಒತ್ತಿ ನೋಡಿ.