ಮೇಜಿಗೊಂದು ದೀಪ, ಮೇಜಿಗೊಂದು ಗಾಳಿ

ಮನೆಯಲ್ಲಿ ಒಬ್ಬನು ಓದುತ್ತ ಕುಳಿತಿದ್ದರೆ ಅವನ ಮುಂದೆ ಒಂದು ದೀಪವಿದ್ದರೆ ಸಾಕು. ಅವನೊಬ್ಬನಿಗಾಗಿ ಎಲ್ಲ ಕೋಣೆಗಳಲ್ಲಿಯೂ ದೀಪ ಹಚ್ಚುವವರನ್ನು ನಮ್ಮ ಹಿರಿಯರು ದುಂದುಗಾರರೆಂದು ಕರೆಯುತ್ತಿದ್ದರು. ಎಣ್ಣೆಯ ದೀಪದ ಕಾಲದಲ್ಲಿ ಈ ವಿವೇಕವು ತಾನಾಗಿಯೇ ಇತ್ತು. ಏಕೆಂದರೆ ಎಣ್ಣೆ ತೀರುವುದು ಕಣ್ಣಿಗೆ ಕಾಣುತ್ತಿತ್ತು. ವಿದ್ಯುಚ್ಛಕ್ತಿ ತೀರುವುದು ಕಣ್ಣಿಗೆ ಕಾಣದು. ಆದುದರಿಂದಲೇ ದೊಡ್ಡ ಕಛೇರಿಗಳಲ್ಲಿ ನಾಲ್ವರು ಕೆಲಸ ಮಾಡುತ್ತಿರುವಾಗಲೂ ನಲವತ್ತು ಜನರಿಗೆ ಬೇಕಾದ ಬೆಳಕೂ ತಂಪೂ ವ್ಯಯವಾಗುತ್ತಿರುತ್ತವೆ. ಆಯಾ ವ್ಯಕ್ತಿಗೆ ಬೇಕಾದಷ್ಟನ್ನು ಮಾತ್ರ, ಬೇಕಾದಾಗ ಮಾತ್ರ, ಯಂತ್ರವೇ ಒದಗಿಸುವಂತೆ ಮಾಡಬಹುದೇ ಎಂಬುದೇ ಈ ಲೇಖನದ ವಿಷಯ.

ಮೊದಲು ಬೆಳಕನ್ನು ತೆಗೆದುಕೊಳ್ಳೋಣ. ದೀಪದಿಂದ ದೂರ ಇಮ್ಮಡಿಯಾದರೆ ಬೆಳಕಿನ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಂಬ ನಿಯಮವನ್ನು ಭೌತಶಾಸ್ತ್ರದಲ್ಲಿ ನಾವೆಲ್ಲ ಓದಿದ್ದೇವೆ. ಚಾವಣಿಯಿಂದ ಕಾಗದದವರೆಗೆ ಬೆಳಕನ್ನು ಸುರಿಸುವುದಕ್ಕಿಂತ ಕಾಗದದ ಹತ್ತಿರವೇ ಸಣ್ಣ ದೀಪವನ್ನಿಡುವುದು ಲಾಭಕರವೆಂದು ಇದರಿಂದಲೇ ತಿಳಿಯುತ್ತದೆ. ನಡೆದಾಡುವುದಕ್ಕೆ ಮಂದವಾದ ಬೆಳಕು ಸಾಕು. ಓದಿ ಬರೆಯುವ ಜಾಗಕ್ಕೆ ಮಾತ್ರ ಹೆಚ್ಚಿನ ಬೆಳಕು ಬೇಕು.

ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡೋಣ. ನಲವತ್ತು ಮೇಜುಗಳುಳ್ಳ ಹಜಾರದಲ್ಲಿ ೨೦ ವ್ಯಾಟಿನ ನಲವತ್ತು ಎಲ್‌ಇಡಿ ದೀಪಗಳು ದಿನಕ್ಕೆ ೧೦ ಗಂಟೆ ಉರಿದರೆ ೮ ಯೂನಿಟ್ ವೆಚ್ಚ. ಇವುಗಳಲ್ಲಿ ಅರ್ಧವನ್ನು ಆರಿಸಿ, ಮೇಜಿಗೊಂದರಂತೆ ೬ ವ್ಯಾಟಿನ ದೀಪವನ್ನಿಟ್ಟು, ಅದು ಮನುಷ್ಯನಿರುವ ೭ ಗಂಟೆ ಮಾತ್ರ ಉರಿಯುವಂತೆ ಮಾಡಿದೆವೆನ್ನಿ. ಚಾವಣಿಯ ದೀಪಗಳಿಗೆ ೪ ಯೂನಿಟ್, ಮೇಜಿನ ದೀಪಗಳಿಗೆ ೧.೬೮ ಯೂನಿಟ್, ಒಟ್ಟು ೫.೬೮. ಆದರೆ ಮನುಷ್ಯನನ್ನು ಗುರುತಿಸುವ ಉಪಕರಣವೂ ಪುಕ್ಕಟೆಯಾಗಿ ದುಡಿಯುವುದಿಲ್ಲ. ಒಂದೊಂದಕ್ಕೆ ಅರ್ಧ ವ್ಯಾಟ್ ಎಂದು ಹಿಡಿದರೂ, ಹಗಲಿರುಳು ಎಚ್ಚರವಾಗಿರುವ ನಲವತ್ತು ಉಪಕರಣಗಳಿಗೆ ೦.೪೮ ಯೂನಿಟ್ ಬೇಕು. ಅದನ್ನು ಕಳೆದು ನಿಲ್ಲುವ ಉಳಿತಾಯ ೧.೮೪ ಯೂನಿಟ್, ಎಂದರೆ ನೂರಕ್ಕೆ ೨೩. ಹಜಾರದಲ್ಲಿ ಹವಾನಿಯಂತ್ರಣವಿದ್ದರೆ ಇನ್ನೊಂದು ಲಾಭವುಂಟು. ದೀಪಕ್ಕೆ ಕೊಟ್ಟ ಶಕ್ತಿಯೆಲ್ಲ ಕೊನೆಗೆ ಶಾಖವಾಗಿ ಕೋಣೆಯಲ್ಲೇ ಉಳಿಯುವುದರಿಂದ, ಸಾಮಾನ್ಯವಾದ ಯಂತ್ರವೊಂದರಲ್ಲಿ, ದೀಪದಲ್ಲಿ ಉಳಿಸಿದ ಪ್ರತಿ ಮೂರು ಯೂನಿಟ್ಟಿಗೆ ತಂಪಿನ ಬಾಬಿನಲ್ಲಿ ಸುಮಾರು ಮತ್ತೊಂದು ಯೂನಿಟ್ ಉಳಿಯುತ್ತದೆ.

ಯಂತ್ರವು ಮನುಷ್ಯನನ್ನು ಗುರುತಿಸುವುದು ಹೇಗೆ? ನಮ್ಮ ದೇಹದ ಶಾಖವು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೊರಡುತ್ತಿರುತ್ತದೆ. ಸಾಮಾನ್ಯವಾಗಿ ಬಳಸುವ ಉಪಕರಣವು ಈ ಕಿರಣಗಳಲ್ಲಿ ಆಗುವ ಬದಲಾವಣೆಯನ್ನು ಗ್ರಹಿಸುತ್ತದೆ. ಇಲ್ಲೊಂದು ವಿನೋದವಿದೆ. ಅದು ಗ್ರಹಿಸುವುದು ಚಲನೆಯನ್ನೇ ಹೊರತು ಮನುಷ್ಯನನ್ನಲ್ಲ. ಕೈಕಾಲು ಆಡಿಸುತ್ತ ಹರಟುವವನಿಗೆ ದೀಪ ಉರಿಯುತ್ತಲೇ ಇರುತ್ತದೆ; ಪುಸ್ತಕದಲ್ಲಿ ಮಗ್ನನಾಗಿ ಅಲುಗಾಡದೆ ಕುಳಿತವನಿಗೆ ದೀಪ ಆರಿಹೋಗುತ್ತದೆ! ಆದುದರಿಂದ ಚಲನೆ ನಿಂತ ಹತ್ತು ಹದಿನೈದು ನಿಮಿಷಗಳ ನಂತರವೇ ದೀಪವನ್ನು ಆರಿಸುವಂತೆ ಅದನ್ನು ಹೊಂದಿಸುತ್ತಾರೆ.

ಇನ್ನು ತಂಪಿನ ವಿಚಾರ. ಇದು ಬೆಳಕಿಗಿಂತ ಜಟಿಲವಾದುದು. ಡೆನ್ಮಾರ್ಕಿನ ವಿಜ್ಞಾನಿ ಫ್ಯಾಂಗರ್ ೧೯೭೦ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ, ಒಂದು ಕೋಣೆಯ ಉಷ್ಣತೆಯನ್ನು ಎಷ್ಟೇ ಸರಿಯಾಗಿ ಹೊಂದಿಸಿದರೂ ನೂರಕ್ಕೆ ಐವರಾದರೂ ಅಸಮಾಧಾನ ಪಡುತ್ತಾರೆ. ೨೦೧೫ರಲ್ಲಿ ನೆದರ್‌ಲೆಂಡ್ಸಿನ ಇಬ್ಬರು ಸಂಶೋಧಕರು ಇನ್ನೊಂದು ಅಂಶವನ್ನು ತೋರಿಸಿಕೊಟ್ಟರು. ಕಛೇರಿಗಳ ಉಷ್ಣತೆಯನ್ನು ನಿಗದಿಮಾಡುವ ಲೆಕ್ಕದಲ್ಲಿ ಹಿಡಿದಿರುವುದು ಗಂಡಸಿನ ದೇಹದಲ್ಲಿ ಹುಟ್ಟುವ ಶಾಖದ ಪ್ರಮಾಣವನ್ನು. ಹೆಂಗಸರ ದೇಹದಲ್ಲಿ ಅದು ಕಡಮೆ. ಹೀಗಾಗಿ ಒಬ್ಬರು ಬೆವರು ಒರೆಸಿಕೊಳ್ಳುವ ಕೋಣೆಯಲ್ಲಿಯೇ ಇನ್ನೊಬ್ಬರು ಶಾಲು ಹೊದೆಯುತ್ತಾರೆ. ಶಾಲು ಹೊದಿಸುವುದಕ್ಕಾಗಿ ವಿದ್ಯುತ್ತನ್ನು ವ್ಯಯಮಾಡುವುದು ಎಂಥ ಮಿತವ್ಯಯ?

ಇದಕ್ಕೆ ಪರಿಹಾರವೆಂದರೆ, ಇಡೀ ಕೋಣೆಯನ್ನು ಅತಿಯಾಗಿ ತಂಪುಮಾಡದೆ, ಮೇಜಿಗೊಂದು ಸಣ್ಣ ಪಂಖವನ್ನು ಕೊಡುವುದು. ಬೀಸುವ ಗಾಳಿಯಿದ್ದರೆ ಉಷ್ಣತೆ ಎರಡು ಮೂರು ಡಿಗ್ರಿ ಹೆಚ್ಚಾದರೂ ದೇಹಕ್ಕೆ ಹಿತವಾಗಿಯೇ ಇರುತ್ತದೆ. ಹವಾನಿಯಂತ್ರಕವನ್ನು ಒಂದು ಡಿಗ್ರಿ ಮೇಲಕ್ಕೆ ಇಟ್ಟರೆ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ತು ಉಳಿಯುವುದೆಂದು ಭಾರತ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯ ಅಂದಾಜು. ನಕ್ಷತ್ರಾಂಕ ಪಡೆದ ಕೊಠಡಿ ಹವಾನಿಯಂತ್ರಕಗಳು ೨೪ ಡಿಗ್ರಿಗೆ ಹೊಂದಿಸಲ್ಪಟ್ಟೇ ಬರಬೇಕೆಂಬ ನಿಯಮ ೨೦೨೦ರ ಜನವರಿ ೧ರಿಂದ ಜಾರಿಗೆ ಬಂದಿತು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾನಿಲಯದ ನೇತೃತ್ವದಲ್ಲಿ ಬೆಂಗಳೂರೂ ಸೇರಿದಂತೆ ಐದು ನಗರಗಳ ಕಛೇರಿಗಳಲ್ಲಿ ೬,೩೩೦ ಉತ್ತರಗಳನ್ನು ಸಂಗ್ರಹಿಸಿ ಒಂದು ಅಧ್ಯಯನ ನಡೆದಿದೆ. ವಿದೇಶೀ ಸೂತ್ರಗಳು ಊಹಿಸುವುದಕ್ಕಿಂತ ಹೆಚ್ಚಾಗಿ ನಮ್ಮ ಜನ ಬೇರೆ ಬೇರೆ ಉಷ್ಣತೆಗಳಿಗೆ ಹೊಂದಿಕೊಳ್ಳಬಲ್ಲರೆಂದು ಅದರಿಂದ ತಿಳಿದುಬಂದಿತು. ಚಳಿದೇಶದ ಅಳತೆಗೋಲನ್ನು ನಮ್ಮ ಮೇಲೆ ಹಾಗೆಯೇ ಹೇರಿಕೊಳ್ಳಬೇಕಾಗಿಲ್ಲ.

ಬೆಳಕು ತಂಪುಗಳೆರಡನ್ನೂ ಹೀಗೆ ಜೋಡಿಸಿದ ಪ್ರಸಿದ್ಧ ನಿದರ್ಶನ ಆಮ್‌ಸ್ಟರ್‌ಡ್ಯಾಮ್ ನಗರದ 'ದಿ ಎಡ್ಜ್' ಎಂಬ ಕಟ್ಟಡ. ೨೦೧೪–೧೫ರಲ್ಲಿ ಸಿದ್ಧವಾದ ಈ ಕಟ್ಟಡದಲ್ಲಿ ಸುಮಾರು ೨೮,೦೦೦ ಗ್ರಾಹಕೋಪಕರಣಗಳಿವೆಯೆಂದು ವರದಿಯಾಗಿದೆ. ದೀಪಗಳಿಗೆ ವಿದ್ಯುತ್ತೂ ಸಂದೇಶವೂ ಒಂದೇ ತಂತಿಯಲ್ಲಿ ಹರಿಯುತ್ತವೆ. ನೌಕರನು ತನ್ನ ದೂರವಾಣಿಯ ಮೂಲಕವೇ ತಾನು ಕುಳಿತೆಡೆಯ ಬೆಳಕನ್ನೂ ಉಷ್ಣತೆಯನ್ನೂ ಬದಲಾಯಿಸಿಕೊಳ್ಳಬಹುದು. ಜನ ಕಡಮೆ ಬರುವ ದಿನ ಕಟ್ಟಡದ ಒಂದು ಭಾಗವನ್ನೇ ಮುಚ್ಚಿಬಿಡಬಹುದು.

ಇಷ್ಟೆಲ್ಲ ಗುಣಗಳ ಜೊತೆಗೆ ಒಂದು ದೋಷವನ್ನೂ ಹೇಳದಿದ್ದರೆ ವಿಚಾರ ಅಪೂರ್ಣವಾದೀತು. ಕುರ್ಚಿ ಬರಿದಾದುದನ್ನು ಕಂಡು ದೀಪ ಆರಿಸುವ ಯಂತ್ರವು, ಕುರ್ಚಿ ಎಷ್ಟು ಹೊತ್ತು ಬರಿದಾಗಿತ್ತೆಂಬುದನ್ನೂ ಬರೆದಿಡಬಲ್ಲದು. ೨೦೧೬ರ ಜನವರಿಯಲ್ಲಿ ಲಂಡನ್ನಿನ ಒಂದು ಪತ್ರಿಕಾಲಯದಲ್ಲಿ ಮೇಜುಗಳ ಕೆಳಗೆ ಇಂಥ ಪೆಟ್ಟಿಗೆಗಳನ್ನು ಅಳವಡಿಸಿದಾಗ ನೌಕರರು ಪ್ರತಿಭಟಿಸಿದರು, ಪೆಟ್ಟಿಗೆಗಳನ್ನು ತೆಗೆದುಹಾಕಬೇಕಾಯಿತು. ದೀಪವು ನಮಗೆ ದಾರಿ ತೋರಬೇಕೇ ಹೊರತು ನಮ್ಮ ಮೇಲೆ ಚಾಡಿ ಹೇಳಬಾರದು. ಮೇಜಿನ ಉಪಕರಣವು ಮೇಜಿನ ದೀಪಕ್ಕೆ ಮಾತ್ರ ಸುದ್ದಿ ಮುಟ್ಟಿಸಿ ಸುಮ್ಮನಾಗುವಂತೆ ಮಾಡುವುದು ಸಾಧ್ಯ; ಹಾಗೆ ಮಾಡಬೇಕೆಂದು ಕೇಳುವುದು ನೌಕರನ ನ್ಯಾಯವಾದ ಹಕ್ಕು.

ಇಂಥ ಯಂತ್ರಗಳು ನಮ್ಮ ಕಾಲೇಜಿಗೆ ಬರುವುದು ಯಾವಾಗಲೋ! ಆದರೆ ಅವು ಮಾಡುವ ಕೆಲಸವೇನೆಂದು ವಿಚಾರಿಸಿದರೆ, ಎದ್ದುಹೋಗುವವನು ಸ್ವಿಚ್ಚನ್ನು ಆರಿಸಿ ಹೋಗುವುದು, ಅಷ್ಟೆ. ಮಾಮೂಲಿ ಪಂಖವೊಂದು ಸುಮಾರು ೭೫ ವ್ಯಾಟ್ ಶಕ್ತಿಯನ್ನು ತಿನ್ನುತ್ತದೆ. ಕೊನೆಯ ಗಂಟೆ ಹೊಡೆದ ಮೇಲೆ ಬರಿದಾದ ತರಗತಿಯಲ್ಲಿ ಅಂಥ ನಾಲ್ಕು ಪಂಖಗಳು ಸಂಜೆಯಿಂದ ಬೆಳಗಿನವರೆಗೆ ೧೫ ಗಂಟೆ ತಿರುಗಿದರೆ ೪.೫ ಯೂನಿಟ್ ಹಾಳು; ನಮ್ಮ ಕಲ್ಪಿತ ಹಜಾರವು ಎರಡು ದಿನಗಳಲ್ಲಿ ಉಳಿಸಿದುದಕ್ಕಿಂತಲೂ ಇದು ಹೆಚ್ಚು. ಹನಿಗೂಡಿದರೆ ಹಳ್ಳವೆಂಬ ಗಾದೆ ಉಳಿತಾಯಕ್ಕೂ ಸಲ್ಲುತ್ತದೆ, ನಷ್ಟಕ್ಕೂ ಸಲ್ಲುತ್ತದೆ. ಯಂತ್ರ ಬರುವವರೆಗೆ, ಕೊನೆಯಲ್ಲಿ ಹೊರಬೀಳುವ ವಿದ್ಯಾರ್ಥಿಯ ಕೈಯೇ ಆ ಯಂತ್ರವಾಗಲಿ.